ಬೇಡ ಎನ್ನಲು ಬೇಕಾದ ದುಡ್ಡು

2024ರ ಅಕ್ಟೋಬರ್ 1ರಂದು ಆಸ್ಟ್ರೇಲಿಯಾ ಸರ್ಕಾರ ಭಾರತದ ಯುವಜನರಿಗಾಗಿ ಹೊಸ ವೀಸಾವೊಂದರ ನೋಂದಣಿ ಆರಂಭಿಸಿತು. ವರ್ಷಕ್ಕೆ ಇದ್ದದ್ದು 1,000 ಜಾಗ. ಎರಡೇ ವಾರದಲ್ಲಿ ಸುಮಾರು 40,000 ಮಂದಿ ಹೆಸರು ನೋಂದಾಯಿಸಿದರು. ಆಯ್ಕೆ ಲಾಟರಿಯ ಮೂಲಕ. ಆ ವೀಸಾದ ಹೆಸರು ‘ವರ್ಕ್ ಅಂಡ್ ಹಾಲಿಡೇ’. ಅಲ್ಲಿನ ಗೃಹ ಇಲಾಖೆಯ ಕಡತದಲ್ಲಿ ಅದು 462ನೇ ಉಪವರ್ಗ. ಇದನ್ನು ಪಡೆದವರು ಒಂದು ವರ್ಷ ಆ ದೇಶವನ್ನು ಸುತ್ತಬಹುದು, ಸುತ್ತಾಟದ ಖರ್ಚಿಗೆ ಅಲ್ಲೇ ದುಡಿಯಬಹುದು, ಬೇಕಿದ್ದರೆ ನಾಲ್ಕು ತಿಂಗಳವರೆಗೆ ಏನನ್ನಾದರೂ ಕಲಿಯಲೂಬಹುದು.

ಹಂಪಿ, ಗೋಕರ್ಣಗಳಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ತಿಂಗಳುಗಟ್ಟಲೆ ಓಡಾಡುವ ವಿದೇಶಿ ಹುಡುಗ ಹುಡುಗಿಯರನ್ನು ಕಂಡು, ‘ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ’ ಎಂದು ನಾವೆಲ್ಲ ಒಮ್ಮೆಯಾದರೂ ಯೋಚಿಸಿದ್ದೇವೆ. ಅವರಲ್ಲಿ ಹಲವು ದೇಶಗಳವರಿಗೆ ಇಂಥ ದಾರಿ ಹಿಂದಿನಿಂದಲೂ ಇದೆ. ಆಸ್ಟ್ರೇಲಿಯಾವು ಬ್ರಿಟನ್, ಕೆನಡಾದ ಯುವಜನರಿಗೆ ಈ ಸೌಲಭ್ಯ ಕೊಡತೊಡಗಿದ್ದು 1975ರಲ್ಲಿ. ನಮ್ಮ ಪಾಸ್‌ಪೋರ್ಟಿಗೆ ಆ ಬಾಗಿಲು ತೆರೆಯಲು ಸುಮಾರು ಅರ್ಧ ಶತಮಾನ ಹಿಡಿಯಿತು. 2022ರ ಏಪ್ರಿಲ್‌ನಲ್ಲಿ ಸಹಿಯಾಗಿ, ಅದೇ ವರ್ಷದ ಡಿಸೆಂಬರ್ 29ರಿಂದ ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ಆರ್ಥಿಕ ಸಹಕಾರ ಒಪ್ಪಂದದಲ್ಲಿ ಈ ಸಾವಿರ ಜಾಗಗಳೂ ಸೇರಿದ್ದವು.

ಬ್ರಿಟನ್ನಿನಲ್ಲೂ ಇಂಥದ್ದೊಂದು ಅವಕಾಶವಿದೆ. 18ರಿಂದ 30 ವರ್ಷದ ಭಾರತೀಯ ಪದವೀಧರರು ಅಲ್ಲಿ ಎರಡು ವರ್ಷ ಇದ್ದು ದುಡಿಯಬಹುದು. ವರ್ಷಕ್ಕೆ 3,000 ಜಾಗ, ಅದಕ್ಕೂ ಲಾಟರಿ. ಲಾಟರಿಗೆ ಹೆಸರು ಕೊಡಲು ಶುಲ್ಕವಿಲ್ಲ. ಆದರೆ ಆಯ್ಕೆಯಾದ ಮೇಲೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್‌ನಂತೆ ಎರಡು ವರ್ಷದ ಹಣವನ್ನು ಮುಂಚಿತವಾಗಿಯೇ ಕಟ್ಟಬೇಕು, ಬ್ಯಾಂಕಿನಲ್ಲಿ 2,530 ಪೌಂಡ್ ಉಳಿತಾಯ ತೋರಿಸಬೇಕು. ಲಂಡನ್ನಿನಲ್ಲಿ ಕಚೇರಿ ಕೆಲಸ ಹುಡುಕುವವರಿಗೆ ಅದು ಒಳ್ಳೆಯದು. ಬೆನ್ನಚೀಲದೊಂದಿಗೆ ಊರಿಂದೂರಿಗೆ ಹೋಗುತ್ತ, ಹಂಗಾಮಿನ ಕೆಲಸ ಮಾಡುತ್ತ ತಿರುಗುವ ಆಸೆಯಿದ್ದವರಿಗೆ ಆಸ್ಟ್ರೇಲಿಯಾವೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಇಲ್ಲಿ ಅದರ ಲೆಕ್ಕವನ್ನಷ್ಟೇ ಬಿಡಿಸುತ್ತೇನೆ.

ಮೊದಲು ಅರ್ಹತೆ. ವಯಸ್ಸು 18 ತುಂಬಿರಬೇಕು, 31 ಆಗಿರಬಾರದು. ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ವ್ಯಾಸಂಗ ಆಗಿರಬೇಕು. ಅವಲಂಬಿತ ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಪಾಸ್‌ಪೋರ್ಟ್ ಜೊತೆಗೆ ಪ್ಯಾನ್ ಕಾರ್ಡ್ ಕೂಡ ಬೇಕು. ಇಂಗ್ಲಿಷ್ ಎಂದ ಕೂಡಲೇ ಕನ್ನಡ ಮಾಧ್ಯಮದವರು ಹಿಂಜರಿಯುವುದುಂಟು, ಅದರ ಅಗತ್ಯವಿಲ್ಲ. ಕೇಳುವುದು ವ್ಯವಹಾರಕ್ಕೆ ಸಾಲುವಷ್ಟು ಭಾಷೆ. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ನಾಲ್ಕೂವರೆ–ಐದರ ಆಸುಪಾಸಿನ ಅಂಕ. ವಿಶ್ವವಿದ್ಯಾಲಯ ಪ್ರವೇಶಕ್ಕೆ ಕೇಳುವ ಆರು, ಆರೂವರೆಗೆ ಹೋಲಿಸಿದರೆ ಇದು ಬಹಳ ಕೆಳಗಿನ ಮೆಟ್ಟಿಲು.

ಲಾಟರಿಗೆ ಹೆಸರು ಕೊಡುವ ಶುಲ್ಕ 25 ಆಸ್ಟ್ರೇಲಿಯನ್ ಡಾಲರ್. ಲೆಕ್ಕ ಸುಲಭವಾಗಲೆಂದು ಈ ಲೇಖನದುದ್ದಕ್ಕೂ ಒಂದು ಡಾಲರಿಗೆ 60 ರೂಪಾಯಿ ಎಂದು ಹಿಡಿಯೋಣ. ಹಾಗಾದರೆ 1,500 ರೂಪಾಯಿ. ಹೆಸರು ಬಾರದಿದ್ದರೆ ಆ ಹಣ ಮರಳಿ ಸಿಗುವುದಿಲ್ಲ. ಆಯ್ಕೆಯನ್ನು ಕಂಪ್ಯೂಟರ್ ಮಾಡುತ್ತದೆ. ‘ನಿಮ್ಮ ಹೆಸರು ಬರುವ ಹಾಗೆ ಮಾಡಿಸುತ್ತೇನೆ’ ಎಂದು ಯಾವ ಏಜೆಂಟ್ ಹೇಳಿದರೂ ಅದು ಶುದ್ಧ ಸುಳ್ಳು, ಅಲ್ಲಿಂದ ಎದ್ದು ಬನ್ನಿ. ನೋಂದಣಿಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ; ಆ ದೇಶದ ಗೃಹ ಇಲಾಖೆಯ ಜಾಲತಾಣವೊಂದೇ ನಂಬಬಹುದಾದ ಮೂಲ. ಹೆಸರು ಬಂದರೆ ಅರ್ಜಿ ಸಲ್ಲಿಸಲು ಸಿಗುವುದು 28 ದಿನ ಮಾತ್ರ. ಅಂಕಪಟ್ಟಿ, ಭಾಷಾ ಪರೀಕ್ಷೆಯ ಫಲಿತಾಂಶ, ಬ್ಯಾಂಕ್ ವಿವರಗಳನ್ನು ಮೊದಲೇ ಹೊಂದಿಸಿಟ್ಟುಕೊಂಡಿರಬೇಕು. ಹಾಗೆಂದು ವೀಸಾ ಕೈಗೆ ಬರುವವರೆಗೆ ನೌಕರಿಗೆ ರಾಜೀನಾಮೆ ಕೊಡುವುದಾಗಲಿ, ವಿಮಾನದ ಟಿಕೆಟ್ ಕೊಳ್ಳುವುದಾಗಲಿ ಬೇಡ.

ಈಗ ದುಡ್ಡಿನ ವಿಷಯ. ‘ಅಲ್ಲಿ ಹೋಗಿ ದುಡಿಯುತ್ತೇವಲ್ಲ, ಟಿಕೆಟಿಗೆ ಆದರೆ ಸಾಕು’ ಎಂದು ಹಲವರು ಅಂದುಕೊಂಡಿರುತ್ತಾರೆ. ಇಡೀ ಯೋಜನೆಯಲ್ಲಿ ಇದಕ್ಕಿಂತ ಅಪಾಯದ ಯೋಚನೆ ಮತ್ತೊಂದಿಲ್ಲ.

ನಮ್ಮ ಕಡೆ ಕಬ್ಬು ಕಡಿಯಲು ಬರುವ ಗ್ಯಾಂಗುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಗಾಮು ಶುರುವಾಗುವ ಮೊದಲೇ ಅವರು ಮೇಸ್ತ್ರಿಯಿಂದ ಮುಂಗಡ ಪಡೆದಿರುತ್ತಾರೆ. ಮದುವೆಗೋ ಆಸ್ಪತ್ರೆಗೋ ಆ ಹಣ ಖರ್ಚಾಗಿ ಹೋಗಿರುತ್ತದೆ. ಆಮೇಲೆ ಕೂಲಿ ಕಡಿಮೆಯಾದರೂ, ಮೈಗೆ ಹುಷಾರಿಲ್ಲದಿದ್ದರೂ, ಮೇಸ್ತ್ರಿಯ ಬಾಯಿ ಕೆಟ್ಟದ್ದಾದರೂ ಮುಂಗಡ ತೀರುವವರೆಗೆ ಗದ್ದೆ ಬಿಟ್ಟು ಹೋಗುವಂತಿಲ್ಲ. ಅವರನ್ನು ಕಟ್ಟಿಹಾಕುವುದು ಆ ಸಾಲ. ಸಾಲ ಮಾಡಿ ವಿಮಾನ ಹತ್ತಿ, ಕಿಸೆಯಲ್ಲಿ ಎರಡು ವಾರಕ್ಕಾಗುವಷ್ಟೇ ಹಣವಿಟ್ಟುಕೊಂಡು ಸಿಡ್ನಿಯಲ್ಲಿ ಇಳಿಯುವ ಪದವೀಧರನ ಸ್ಥಿತಿ ಇದಕ್ಕಿಂತ ದೂರದ್ದೇನಲ್ಲ. ಮೂರನೆಯ ವಾರ ಯಾರೋ ಗುತ್ತಿಗೆದಾರ ಕಾನೂನಿನ ಅರ್ಧ ಕೂಲಿಗೆ ಕೆಲಸ ಕೊಡುತ್ತೇನೆ, ಹಣ ಕೈಯಲ್ಲಿ ಕೊಡುತ್ತೇನೆ, ರಸೀದಿ ಕೇಳಬೇಡ ಎಂದರೆ ಅವನು ತಲೆಯಾಡಿಸುತ್ತಾನೆ. ಕೈಯಲ್ಲಿ ಹಣವಿರುವವನು ‘ಬೇಡ’ ಎಂದು ಹೇಳಿ ಮುಂದಿನ ಊರಿನ ಬಸ್ಸು ಹತ್ತುತ್ತಾನೆ. ಈ ಪ್ರವಾಸದ ಬಜೆಟ್ ಎಂದರೆ ನನ್ನ ದೃಷ್ಟಿಯಲ್ಲಿ ಆ ‘ಬೇಡ’ ಎಂಬ ಮಾತಿನ ಬೆಲೆ. ಅಗ್ಗದ ಟಿಕೆಟ್, ಅಗ್ಗದ ಹಾಸಿಗೆಯ ಲೆಕ್ಕವೆಲ್ಲ ಅದರ ನಂತರದ್ದು.

ಆಸ್ಟ್ರೇಲಿಯಾ ಸರ್ಕಾರವೂ ಇದನ್ನೇ ಬೇರೆ ರೀತಿಯಲ್ಲಿ ಕೇಳುತ್ತದೆ: ಖರ್ಚಿಗೆ ಸುಮಾರು 5,000 ಡಾಲರ್, ಅಂದರೆ 3 ಲಕ್ಷ ರೂಪಾಯಿ, ಅದರ ಮೇಲೆ ಮರಳುವ ಟಿಕೆಟಿನ ಹಣ. ಪರಿಚಯದವರಿಂದ ಒಂದು ವಾರಕ್ಕೆಂದು ಹಣ ತಂದು ಖಾತೆಗೆ ಹಾಕಿ ತೋರಿಸಿ ಹಿಂತಿರುಗಿಸುವವರಿದ್ದಾರೆ. ಅವರು ಮೋಸ ಮಾಡುವುದು ವೀಸಾ ಅಧಿಕಾರಿಗಷ್ಟೇ ಅಲ್ಲ. ಏಕೆಂದರೆ ಮೊದಲ ಆರು ವಾರದ ಖರ್ಚನ್ನು ಬರೆದು ನೋಡಿದರೆ ಆ 5,000 ಹೆಚ್ಚೇನಲ್ಲ ಎಂಬುದು ತಿಳಿಯುತ್ತದೆ. ದೊಡ್ಡ ನಗರದ ಹಾಸ್ಟೆಲ್‌ನಲ್ಲಿ ಆರೆಂಟು ಮಂದಿ ಮಲಗುವ ಕೋಣೆಯ ಒಂದು ಹಾಸಿಗೆಗೆ ರಾತ್ರಿಗೆ 50 ಡಾಲರ್ ಎಂದುಕೊಂಡರೆ ವಾರಕ್ಕೆ 350, ಆರು ವಾರಕ್ಕೆ 2,100. ಸ್ವಂತ ಅಡುಗೆ ಮಾಡಿಕೊಂಡರೂ ದಿನಸಿಗೆ ವಾರಕ್ಕೆ 120ರಂತೆ 720. ಫೋನ್, ನಗರದೊಳಗಿನ ಓಡಾಟಕ್ಕೆ 300. ತೋಟಗಳಿರುವ ಊರಿಗೆ ಬಸ್ಸು 250. ಬೂಟು, ಟೊಪ್ಪಿ, ಉದ್ದ ತೋಳಿನ ಅಂಗಿಗೆ 150. ಒಟ್ಟು 3,500 ದಾಟಿತು. ಉಳಿದ 1,500 ಡಾಲರನ್ನು ಯಾವ ಕಾರಣಕ್ಕೂ ಮುಟ್ಟಬಾರದು. ವಾಪಸ್ ಟಿಕೆಟಿನ 50,000 ರೂಪಾಯಿ ಊರಿನ ಖಾತೆಯಲ್ಲೇ, ಅಪ್ಪನೋ ಅಕ್ಕನೋ ನೋಡಿಕೊಳ್ಳುವ ಹಾಗೆ ಬೇರೆಯಾಗಿರಲಿ.

ಹೊರಡುವ ಮುಂಚಿನ ಖರ್ಚು ಪ್ರತ್ಯೇಕ. ವೀಸಾ ಶುಲ್ಕವೇ 650 ಡಾಲರ್ ದಾಟಿದೆ, ಹತ್ತಿರ ಹತ್ತಿರ 40,000 ರೂಪಾಯಿ. ಭಾಷಾ ಪರೀಕ್ಷೆ, ಕೇಳಿದರೆ ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ವಿಮೆ ಇವಕ್ಕೂ ಹಣ ತೆಗೆದಿಡಬೇಕು. ಬೆಂಗಳೂರಿನಿಂದ ಸಿಡ್ನಿಗೆ ಕ್ವಾಂಟಾಸ್ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ನೇರ ವಿಮಾನ ಶುರು ಮಾಡಿತು. ಆದರೆ ಸಿಂಗಪುರ, ಕ್ವಾಲಾಲಂಪುರದಲ್ಲಿ ಇಳಿದು ಹತ್ತುವ ವಿಮಾನಗಳು ಸಾಮಾನ್ಯವಾಗಿ ಅಗ್ಗ. ಎಲ್ಲ ಸೇರಿ ನಾಲ್ಕೂವರೆಯಿಂದ ಐದು ಲಕ್ಷ ರೂಪಾಯಿ ಸ್ವಂತದ್ದು ಎಂದಿರಬೇಕು. ಬೆಂಗಳೂರಿನಲ್ಲಿ ದುಡಿಯುವ ಹುಡುಗಿಯೊಬ್ಬಳು ತಿಂಗಳಿಗೆ 15,000 ಉಳಿಸಿದರೆ ಎರಡೂವರೆ ವರ್ಷದ ದಾರಿ. ವಯಸ್ಸಿನ ಮಿತಿ 30ರವರೆಗೂ ಇರುವುದರಿಂದ ಇಪ್ಪತ್ತೆರಡರಲ್ಲಿ ಸಾಲ ಮಾಡಿ ಓಡುವುದಕ್ಕಿಂತ ಇಪ್ಪತ್ತಾರರಲ್ಲಿ ಉಳಿತಾಯದ ಹಣದಲ್ಲಿ ಹೋಗುವುದು ಎಷ್ಟೋ ಮೇಲು.

ವಿಮೆಯ ಬಗ್ಗೆ ಒಂದು ಎಚ್ಚರಿಕೆ. ಬ್ರಿಟನ್ ಮೊದಲಾದ ಕೆಲವು ದೇಶಗಳ ಪ್ರವಾಸಿಗರಿಗೆ ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ವ್ಯವಸ್ಥೆಯಲ್ಲಿ ಪರಸ್ಪರ ಒಪ್ಪಂದದಡಿ ಚಿಕಿತ್ಸೆ ಸಿಗುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಆಸ್ಪತ್ರೆ ಸೇರಿದರೆ ಪೂರ್ತಿ ಬಿಲ್ ನಿಮ್ಮದೇ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ದೈಹಿಕ ದುಡಿಮೆಯ ಸಮಯದ ಗಾಯಗಳನ್ನು ಹೊರಗಿಟ್ಟಿರುತ್ತಾರೆ. ಪಾಲಿಸಿಯ ಸಣ್ಣಕ್ಷರದಲ್ಲಿ ಆ ಸಾಲನ್ನು ಹುಡುಕಿ ಓದಿಯೇ ಸಹಿ ಹಾಕಿ.

ಸಂಬಳದ ಮಾತಿಗೆ ಬರೋಣ. 2025ರ ಜುಲೈ 1ರಿಂದ ಆಸ್ಟ್ರೇಲಿಯಾದ ರಾಷ್ಟ್ರೀಯ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ರಜೆ, ಭದ್ರತೆ ಯಾವುದೂ ಇಲ್ಲದ ತಾತ್ಕಾಲಿಕ ಕೆಲಸಕ್ಕೆ ಅದರ ಮೇಲೆ ಶೇ 25 ಸೇರಿ ಸುಮಾರು 31 ಡಾಲರ್ ಆಗುತ್ತದೆ. ವಾರಕ್ಕೆ 38 ಗಂಟೆ ದುಡಿದರೆ 1,185. ಈ ಬಗೆಯ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ 15 ತೆರಿಗೆ. 2017ರಿಂದ ಜಾರಿಯಲ್ಲಿರುವ ಇದನ್ನು ಅಲ್ಲಿ ‘ಬ್ಯಾಕ್‌ಪ್ಯಾಕರ್ ಟ್ಯಾಕ್ಸ್’ ಎಂದೇ ಕರೆಯುತ್ತಾರೆ. ಅದು ಕಳೆದರೆ ಕೈಗೆ 1,000 ಡಾಲರ್. ತೋಟದೂರಿನ ಹಾಸ್ಟೆಲ್ ಬಾಡಿಗೆ, ದಿನಸಿ, ಇತರ ಖರ್ಚು ಸೇರಿ ವಾರಕ್ಕೆ 420 ಹೋದರೆ 580 ಉಳಿತಾಯ. ಇಲ್ಲಿಯವರೆಗೆ ಲೆಕ್ಕ ಚೆನ್ನಾಗಿದೆ. ಆದರೆ ಹಣ್ಣಿನ ತೋಟದಲ್ಲಿ ಮಳೆ ಬಂದರೆ ಕೆಲಸವಿಲ್ಲ, ಕೆಲಸವಿಲ್ಲದ ದಿನ ಕೂಲಿಯಿಲ್ಲ. ವಾರಕ್ಕೆ ಮೂರೇ ದಿನ ಕೆಲಸ ಸಿಕ್ಕರೆ ತೆರಿಗೆ, ಖರ್ಚು ಕಳೆದು ಉಳಿಯುವುದು 180 ಡಾಲರ್ ಆಸುಪಾಸು. ಎರಡು ವಾರ ಸತತ ಮಳೆಯಾದರೆ ಮುಟ್ಟಬಾರದೆಂದು ಇಟ್ಟ ಹಣಕ್ಕೇ ಕೈಹಾಕಬೇಕಾಗುತ್ತದೆ. ‘ವಾರಕ್ಕೆ ಅರವತ್ತು ಸಾವಿರ ರೂಪಾಯಿ’ ಎಂದು ಉಬ್ಬಿಸಿ ಹೇಳುವ ವಿಡಿಯೊಗಳಲ್ಲಿ ಈ ಮಳೆಯ ಸುದ್ದಿ ಇರುವುದಿಲ್ಲ.

ಯಾವ ಊರಿಗೆ ಯಾವ ತಿಂಗಳು ಎಂಬುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ವೀಸಾ ಸಿಕ್ಕ ಮೇಲೆ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಆ ದೇಶ ಪ್ರವೇಶಿಸಬಹುದು. ಒಳಗೆ ಕಾಲಿಟ್ಟ ದಿನದಿಂದ ಹನ್ನೆರಡು ತಿಂಗಳ ಎಣಿಕೆ ಶುರು. ಹೀಗಾಗಿ ಟಿಕೆಟ್ ಅಗ್ಗವೆಂದು ಸಿಕ್ಕ ತಿಂಗಳು ಹೊರಡದೆ, ಹಂಗಾಮು ನೋಡಿ ಹೊರಡಬೇಕು. ಉತ್ತರದ ಡಾರ್ವಿನ್, ಕ್ಯಾಥರೀನ್ ಸುತ್ತ ಮಾವಿನ ಕೊಯ್ಲು ನಡೆಯುವುದು ನಮ್ಮ ನವರಾತ್ರಿ, ದೀಪಾವಳಿಯ ಹೊತ್ತಿಗೆ. ಶ್ರೀನಿವಾಸಪುರದ ತೋಟಗಳಲ್ಲಿ ಬೆಳೆದವರಿಗೆ ಮಾವಿನ ಸೊನೆ ತಾಗಿದರೆ ಚರ್ಮ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಗೊತ್ತಿಲ್ಲದ ಯುರೋಪಿನ ಹುಡುಗರು ಮೊದಲ ವಾರವೇ ಮೈತುಂಬ ಬೊಬ್ಬೆ ಎಬ್ಬಿಸಿಕೊಂಡು ಒದ್ದಾಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ದಕ್ಷಿಣದ ಟಾಸ್ಮೇನಿಯಾದಲ್ಲಿ ಚೆರ್ರಿ. ಫೆಬ್ರುವರಿಯಿಂದ ಮಿಲ್ಡುರಾ ಕಡೆ ದ್ರಾಕ್ಷಿ. ವಿಜಯಪುರದವರು ಅಲ್ಲಿನ ಬಳ್ಳಿ ಸಾಲುಗಳನ್ನು ನೋಡಬೇಕು. ಜೂನ್‌ನಿಂದ ಹಿಮ ಬೀಳುವ ಗುಡ್ಡಗಳ ಹೋಟೆಲುಗಳಲ್ಲಿ ಕೆಲಸ. ವರ್ಷವಿಡೀ ಕೆಲಸವಿರುವುದು ಉತ್ತರ ಕ್ವೀನ್ಸ್‌ಲ್ಯಾಂಡಿನ ಟಲ್ಲಿ, ಇನ್ನಿಸ್‌ಫೈಲ್‌ನ ಬಾಳೆತೋಟಗಳಲ್ಲಿ. ಟಲ್ಲಿಯಲ್ಲಿ ದೊಡ್ಡದೊಂದು ಬಂಗಾರ ಬಣ್ಣದ ಗಂಬೂಟಿನ ಪ್ರತಿಮೆಯಿದೆ, ಎತ್ತರ 7.9 ಮೀಟರ್. 1950ರಲ್ಲಿ ಅಲ್ಲಿ ಸುರಿದ ಮಳೆಯ ಅಳತೆಯೇ ಅದು. ಆಗುಂಬೆಯ ಕಡೆಯವರಿಗೆ ಆ ಊರು ಅಪರಿಚಿತ ಅನ್ನಿಸಲಾರದು. ಆದರೆ ಅಲ್ಲಿನ ಗೊನೆ ಹೊರುವ ಕೆಲಸ ಸುಲಭದ್ದಲ್ಲ. ಒಂದೊಂದು ಗೊನೆ 40 ಕಿಲೋ ಮೀರುತ್ತದೆ. ಬೆನ್ನುನೋವು ಇರುವವರು ಹಣ್ಣು ವಿಂಗಡಿಸಿ ತುಂಬುವ ಷೆಡ್ಡಿನಲ್ಲಿ ಕೆಲಸ ಕೇಳಲಿ.

ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಎರಡನೆಯ ವರ್ಷವೂ ಉಳಿಯುವ ಮನಸ್ಸಿದ್ದರೆ ಮೊದಲ ವರ್ಷದಲ್ಲಿ ಮೂರು ತಿಂಗಳು ಸರ್ಕಾರ ಹೆಸರಿಸಿದ ಪ್ರದೇಶಗಳಲ್ಲಿ, ಹೆಸರಿಸಿದ ಬಗೆಯ ಕೆಲಸವನ್ನೇ ಮಾಡಿರಬೇಕು. ತೋಟದ ಕೆಲಸಕ್ಕೆ ಒಂದಿಷ್ಟು ಪ್ರದೇಶ, ಹೋಟೆಲ್ ಕೆಲಸಕ್ಕೆ ಉತ್ತರದ ಮತ್ತು ಜನವಸತಿ ವಿರಳವಾದ ಪ್ರದೇಶ, ಹೀಗೆ ಪಿನ್‌ಕೋಡ್‌ಗಳ ಪಟ್ಟಿಯೇ ಇದೆ. ಸಿಡ್ನಿಯ ಕೆಫೆಯಲ್ಲಿ ಎಷ್ಟು ತಿಂಗಳು ದುಡಿದರೂ ಲೆಕ್ಕಕ್ಕಿಲ್ಲ. ಸಂಬಳದ ರಸೀದಿ ಇಲ್ಲದ ಕೆಲಸಕ್ಕೂ ಬೆಲೆಯಿಲ್ಲ. ಎರಡನೆಯ ವೀಸಾಕ್ಕೆ ಮತ್ತೆ ಲಾಟರಿ ಇಲ್ಲ ಎಂಬುದೊಂದು ಸಮಾಧಾನ. ಇದನ್ನು ಅಲ್ಲಿ ಕಾಯಂ ನೆಲೆಸುವ ಅಡ್ಡದಾರಿ ಎಂದುಕೊಂಡವರು ಮಾತ್ರ ಹೋಗದಿರುವುದೇ ಒಳ್ಳೆಯದು, ಈ ವೀಸಾ ಅದಕ್ಕಾಗಿ ಇರುವುದಲ್ಲ.

ಈ ಎರಡನೆಯ ವೀಸಾದ ಆಸೆಯೇ ಶೋಷಣೆಗೂ ದಾರಿಯಾಗಿದೆ. ದಿನಗಳನ್ನು ಎಣಿಸುತ್ತಿರುವ ಹುಡುಗ ಮಾಲೀಕನ ಎದುರು ಬಾಯಿ ತೆರೆಯುವುದಿಲ್ಲ. ಹಿಂದೆ ಕಿತ್ತ ಹಣ್ಣಿನ ತೂಕಕ್ಕೆ ತಕ್ಕಂತೆ ಮಾತ್ರ ಕೂಲಿ ಕೊಡುವ ಪದ್ಧತಿಯಿತ್ತು. ಕೈ ಪಳಗದವರಿಗೆ ದಿನದ ಊಟದ ಖರ್ಚೂ ಹುಟ್ಟುತ್ತಿರಲಿಲ್ಲ. 2022ರ ಏಪ್ರಿಲ್‌ನಿಂದ ತೂಕದ ಲೆಕ್ಕದಲ್ಲಿ ದುಡಿಯುವವರಿಗೂ ಗಂಟೆಯ ಕನಿಷ್ಠ ಕೂಲಿಯ ಖಾತರಿ ಬಂದಿದೆ. ಅದನ್ನು ತಿಳಿದಿರುವುದು ನಿಮ್ಮ ಕೆಲಸ. ಕೆಲಸ ಕೊಡಿಸಲು ಹಣ ಕೇಳುವವರು, ಪಾಸ್‌ಪೋರ್ಟ್ ಇಟ್ಟುಕೊಳ್ಳುವವರು, ‘ನಮ್ಮ ಹಾಸ್ಟೆಲ್‌ನಲ್ಲಿ ಉಳಿದರೆ ಮಾತ್ರ ಕೆಲಸ’ ಎಂದು ಹೇಳಿ ಕೆಲಸವಿಲ್ಲದ ವಾರದಲ್ಲೂ ಬಾಡಿಗೆ ಕೀಳುವವರು, ಇವರಿಂದ ದೂರವಿರಿ. ಕ್ವೀನ್ಸ್‌ಲ್ಯಾಂಡ್, ವಿಕ್ಟೋರಿಯಾ ರಾಜ್ಯಗಳಲ್ಲಿ ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರರಿಗೆ ಪರವಾನಗಿ ಕಡ್ಡಾಯ. ಅವರ ಹೆಸರು ಸರ್ಕಾರಿ ಪಟ್ಟಿಯಲ್ಲಿದೆಯೇ ಎಂದು ಫೋನಿನಲ್ಲೇ ನೋಡಬಹುದು. ಕೂಲಿ ಬಾಕಿಯಾದರೆ ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು, ಸಹಾಯವಾಣಿ 13 13 94.

ಹಾಸ್ಟೆಲಿಗೆ ಕಾಲಿಟ್ಟ ದಿನ ತುರ್ತು ಬಾಗಿಲು ಎಲ್ಲಿದೆ, ಅದು ತೆರೆಯುತ್ತದೆಯೇ ಎಂದು ಕೈಯಾರೆ ನೋಡಿ. 2000ದ ಜೂನ್ 23ರಂದು ಕ್ವೀನ್ಸ್‌ಲ್ಯಾಂಡಿನ ಚಿಲ್ಡರ್ಸ್ ಎಂಬ ಪುಟ್ಟ ಊರಿನ ಹಾಸ್ಟೆಲ್ ಬೆಂಕಿಗೆ ಸಿಕ್ಕಿ 15 ಯುವ ಪ್ರವಾಸಿಗರು ಸತ್ತರು. ಹಣ್ಣಿನ ತೋಟಗಳ ಕೆಲಸಕ್ಕೆಂದು ಬಂದು ತಂಗುವವರ ಹಾಸ್ಟೆಲ್ ಅದು. ಆಮೇಲೆ ನಿಯಮಗಳು ಬಿಗಿಯಾದವು. ಆದರೂ ಅಗ್ಗದ ಹಾಸಿಗೆ ಹುಡುಕುವವರು ಆ ಊರಿನ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಹೊರಡುವ ಮೊದಲು ಊರಲ್ಲೇ ಕಲಿಯಬಹುದಾದದ್ದು ಬಹಳವಿದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಆರ್‌ಟಿಒದಲ್ಲಿ ಸಿಗುತ್ತದೆ, ಮಾಡಿಸಿಕೊಳ್ಳಿ. ಎಸ್ಪ್ರೆಸೊ ಯಂತ್ರದಲ್ಲಿ ಕಾಫಿ ತೆಗೆಯುವುದನ್ನು ಬೆಂಗಳೂರಿನ ಯಾವುದಾದರೂ ಕೆಫೆಯಲ್ಲಿ ಕೆಲ ತಿಂಗಳು ನಿಂತು ಕಲಿತರೆ ಅಲ್ಲಿ ಹಣ್ಣು ಕೀಳುವ ಕೆಲಸವನ್ನೇ ನೆಚ್ಚಿಕೊಂಡಿರಬೇಕಿಲ್ಲ. ಆಸ್ಟ್ರೇಲಿಯಾದವರು ಕಾಫಿ ವಿಷಯದಲ್ಲಿ ನಮ್ಮ ಮಲೆನಾಡಿನವರಷ್ಟೇ ಕಟ್ಟುನಿಟ್ಟು. ಮದ್ಯ ಬಡಿಸುವ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ ಬೇರೆ ಬೇರೆ ತರಬೇತಿಪತ್ರ ಬೇಕು, ಅವನ್ನು ಅಲ್ಲಿಗೆ ಹೋದ ಮೇಲೆ ಪಡೆಯಬಹುದು. ತೆರಿಗೆ ಸಂಖ್ಯೆಯನ್ನು ಅಲ್ಲಿನ ತೆರಿಗೆ ಕಚೇರಿ ಉಚಿತವಾಗಿ ಕೊಡುತ್ತದೆ, ಅದಕ್ಕೂ ಹಣ ಕೇಳುವ ಮಧ್ಯವರ್ತಿಗಳಿದ್ದಾರೆ. ಮಾಲೀಕ ನಿಮ್ಮ ಹೆಸರಿನಲ್ಲಿ ಕಟ್ಟುವ ಶೇ 12 ನಿವೃತ್ತಿ ನಿಧಿಯನ್ನು ದೇಶ ಬಿಟ್ಟ ಮೇಲೆ ಕೇಳಿ ಪಡೆಯಬಹುದಾದರೂ ಅದರಲ್ಲಿ ಶೇ 65 ತೆರಿಗೆಗೆ ಹೋಗುತ್ತದೆ. ಬಜೆಟ್ಟಿನಲ್ಲಿ ಅದನ್ನು ಸೇರಿಸಬೇಡಿ.

ಅಮ್ಮ ಕಟ್ಟಿಕೊಡುವ ಬುತ್ತಿಯ ಬಗ್ಗೆಯೂ ಹೇಳಬೇಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯ ಪ್ರಯಾಣದ ಆಹಾರ ನನಗೆ ಗೊತ್ತಿಲ್ಲ. ಆದರೆ ಬೀಜ, ಹಾಲಿನ ಪದಾರ್ಥ, ಹಣ್ಣು, ಮಾಂಸಗಳ ವಿಷಯದಲ್ಲಿ ಆಸ್ಟ್ರೇಲಿಯಾದ ವಿಮಾನ ನಿಲ್ದಾಣಗಳಷ್ಟು ಕಟ್ಟುನಿಟ್ಟು ಕೆಲವೇ ಕಡೆ. ಅಲ್ಲಿನ ಬೆಳೆಗೆ ಹೊರಗಿನ ಕೀಟ, ರೋಗ ತಗಲಬಾರದೆಂಬ ಕಾಳಜಿ ಅದು. ಒಯ್ದದ್ದನ್ನೆಲ್ಲ ಆಗಮನದ ಅರ್ಜಿಯಲ್ಲಿ ಬರೆದು ತೋರಿಸಿದರೆ ಹೆಚ್ಚೆಂದರೆ ಕಸದ ಬುಟ್ಟಿ ಸೇರುತ್ತದೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ, ವೀಸಾ ರದ್ದಾಗಲೂಬಹುದು.

‘ಎಂಜಿನಿಯರಿಂಗ್ ಓದಿಸಿದ್ದು ಬಾಳೆಗೊನೆ ಹೊರೋಕಾ?’ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅವರ ಮುಂದೆ ಕೂತು ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತೋರಿಸಿ: ಎಷ್ಟು ಹಣ, ಯಾರ ಹಣ, ಯಾವ ತಿಂಗಳು ಎಲ್ಲಿ, ಕೆಲಸ ಸಿಗದಿದ್ದರೆ ಯಾವ ದಿನ ವಾಪಸ್. ನಮ್ಮಲ್ಲಿ ಮೈಮುರಿದು ದುಡಿಯುವವರ ಬಗ್ಗೆ ಇರುವ ತಾತ್ಸಾರ ಒಂದೇ ಮಾತಿಗೆ ಹೋಗುವಂಥದ್ದಲ್ಲ. ಆದರೂ ಬಿಸಿಲಲ್ಲಿ ಎಂಟು ಗಂಟೆ ಹಣ್ಣು ಕಿತ್ತು, ಅದಕ್ಕೆ ಕಾನೂನಿನ ಕೂಲಿಯನ್ನು ರಸೀದಿಯೊಂದಿಗೆ ಪಡೆಯುವುದು ಯಾವ ಪದವಿಗೂ ಕುಂದಲ್ಲ ಎಂದು ನಾನು ಮನಸಾರೆ ನಂಬಿದ್ದೇನೆ.

ಕೊನೆಯದಾಗಿ ರಜೆಯ ಮಾತು. ವರ್ಷವಿಡೀ ದುಡಿದು, ಕಡೆಯ ವಾರ ಸಿಡ್ನಿಯ ಒಪೆರಾ ಹೌಸ್ ಮುಂದೆ ಫೋಟೊ ತೆಗೆಸಿಕೊಂಡು ಮರಳುವವರನ್ನು ಕಂಡರೆ ಬೇಸರವಾಗುತ್ತದೆ. ಹತ್ತನೆಯ ತಿಂಗಳ ಕೊನೆಗೆ ಕೆಲಸ ನಿಲ್ಲಿಸಿ, ಉಳಿದೆರಡು ತಿಂಗಳನ್ನು ಊರು ನೋಡಲಿಕ್ಕೇ ಇಡಿ. ವಾಪಸ್ ಟಿಕೆಟನ್ನು ಆಗಲೇ ಕೊಂಡುಬಿಡಿ. ಬಾಡಿಗೆ ಕಾರಿನ ಕಂಪನಿಗಳು ಒಂದು ನಗರದಲ್ಲಿ ಬಿಟ್ಟುಹೋದ ವಾಹನವನ್ನು ಇನ್ನೊಂದು ನಗರಕ್ಕೆ ತಲುಪಿಸಲು ದಿನಕ್ಕೆ ಒಂದೆರಡು ಡಾಲರಿಗೆ ಕೊಡುವುದುಂಟು. ನಾಲ್ಕು ಮಂದಿ ಸೇರಿದರೆ ಪೆಟ್ರೋಲ್ ಖರ್ಚೂ ಹಗುರ. ಡಾರ್ವಿನ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ವರೆಗೆ 1,500 ಕಿಲೋಮೀಟರ್, ಒಂದೇ ಹೆದ್ದಾರಿ. ಸಂಜೆಯ ಮೇಲೆ ಗಾಡಿ ಓಡಿಸಬೇಡಿ, ಕಾಂಗರೂಗಳು ರಸ್ತೆಗೆ ಬರುತ್ತವೆ. ಅಲ್ಲಿಂದ ಸುಮಾರು 450 ಕಿಲೋಮೀಟರ್ ನೈಋತ್ಯಕ್ಕೆ ಉಲೂರು ಬಂಡೆ. ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಅದು ಪವಿತ್ರ ಸ್ಥಳವಾದ್ದರಿಂದ ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ನಿಲ್ಲಿಸಲಾಗಿದೆ. ಬುಡದ ಸುತ್ತ ಹತ್ತು ಕಿಲೋಮೀಟರಿಗೂ ಮಿಗಿಲಾದ ಕಾಲುದಾರಿಯಿದೆ. ಬೇಸಿಗೆಯಾದರೆ ಬಿಸಿಲೇರುವ ಮೊದಲೇ ನಡೆದು ಮುಗಿಸಬೇಕು, ಗಂಟೆಗೊಂದು ಲೀಟರ್ ಲೆಕ್ಕದಲ್ಲಿ ನೀರು ಒಯ್ಯಬೇಕು.